ಹಡಗಿಗೆ ಹೊರಟ ಸೀಮೆಎಣ್ಣೆ ಸ್ಟೌ

ಭದ್ರಾವತಿಯ ನ್ಯೂಟೌನಿನಲ್ಲಿ ಷಡಕ್ಷರಪ್ಪನವರ ಕ್ವಾರ್ಟರ್ಸಿನ ಫ್ರಿಜ್ಜು ಇಬ್ಬರಿಗೆ ಸೇರಿದ್ದು. ಮೇಲಿನ ಎರಡು ಅಂತಸ್ತು ಅವರ ಫಿಲಂ ರೋಲುಗಳಿಗೆ. ಕೆಳಗೆ ಉಳಿದ ಜಾಗದಲ್ಲಿ ಹಾಲು, ದೋಸೆ ಹಿಟ್ಟು, ಸೊಪ್ಪು, ಮೆಣಸಿನಕಾಯಿ ಒಂದರ ಮೇಲೊಂದು ಕೂರಬೇಕು. ಫಿಲಮಿಗೆ ತಂಪು ಬೇಕು, ವಾಸನೆ ತಾಗಬಾರದು ಎಂಬ ಕಾರಣಕ್ಕೆ ಬೆಳ್ಳುಳ್ಳಿ ಚಟ್ನಿಗೂ ಹಲಸಿನ ತೊಳೆಗೂ ಅಲ್ಲಿ ಪ್ರವೇಶವಿರಲಿಲ್ಲ. ಜಾಗ ಸಾಲದೆ ಹೊರಗುಳಿದ ಹಿಟ್ಟು ಹುಳಿ ಬಂದರೆ ಮಾತ್ರ ಅದು ಅವರ ಹೆಂಡತಿ ಉಮಾಮಹೇಶ್ವರಿಯ ಅಜಾಗರೂಕತೆ.

ಷಡಕ್ಷರಪ್ಪನವರು ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್. ಶಿಫ್ಟ್ ಮುಗಿದ ಮೇಲೆ ಛಾಯಾಗ್ರಾಹಕರು. ಹಾಗೆಂದು ಕರೆದುಕೊಂಡವರು ಮೊದಲು ಅವರೇ. ಆಮೇಲೆ ಶಿವಮೊಗ್ಗದ ಒಂದು ಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂದ ಮೇಲೆ ಊರೂ ಒಪ್ಪಿಕೊಂಡಿತು. ಬಹುಮಾನ ಬಂದ ಚಿತ್ರದ ಹೆಸರು ‘ತ್ಯಾಗಮಯಿ’. ಹೊಗೆ ತುಂಬಿದ ಅಡುಗೆಮನೆಯಲ್ಲಿ ಹೆಂಗಸೊಬ್ಬಳು ಒಲೆ ಊದುತ್ತಿದ್ದಾಳೆ, ಕೆನ್ನೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಆ ಹೆಂಗಸು ಉಮಾಮಹೇಶ್ವರಿ. ಅವಳ ಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಆದರೆ ಗ್ಯಾಸಿನಲ್ಲಿ ಹೊಗೆ ಬರುವುದಿಲ್ಲವಲ್ಲ! ಅದಕ್ಕಾಗಿ ಷಡಕ್ಷರಪ್ಪನವರು ಹಿತ್ತಲ ಬಚ್ಚಲಿನಲ್ಲಿ ಹಸಿ ಸೌದೆ ಒಟ್ಟಿಸಿ, ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುವವರೆಗೆ ಅವಳಿಂದ ಊದಿಸಿದ್ದರು. ‘ಗ್ರಾಮೀಣ ಮಹಿಳೆಯ ಮೂಕವೇದನೆ’ ಎಂದು ತೀರ್ಪುಗಾರರು ಹೊಗಳಿದರು. ವೇದನೆ ಇದ್ದದ್ದು ನಿಜ. ಮೂಕವಾಗಿರಲಿಲ್ಲ. “ಕಣ್ಣು ಉರೀತಿದೆ, ಬೇಗ ತೆಗೀರಿ ಮಾರಾಯ್ರೆ!” ಎಂದು ಆಕೆ ಕೂಗುತ್ತಲೇ ಇದ್ದಳು. ಕ್ಯಾಮೆರಾದಲ್ಲಿ ಅದು ಬೀಳುವುದಿಲ್ಲ. ಆಮೇಲೆ ಮಸಿ ಹಿಡಿದ ಪಾತ್ರೆಯನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದೂ ಬೀಳಲಿಲ್ಲ.

ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಕಾರ್ಖಾನೆಯ ಪ್ರವಾಸದ ರಜೆ ಬಳಸದೆ ಕಳೆದುಹೋಗುವ ಸಂದರ್ಭ ಬಂತು. ಆಗಲೇ ಅವರ ಗೆಳೆಯ ಮುರಳಿ ಒಂದು ಕರಪತ್ರ ತಂದ. ಮುರಳಿ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಗುಮಾಸ್ತ, ಮನೆ ಶಿವಮೊಗ್ಗದ ರಾಗಿಗುಡ್ಡದಲ್ಲಿ, ಕೊರಳಲ್ಲಿ ಸದಾ ಒಂದು ಕ್ಯಾಮೆರಾ. ತ್ಯಾವರೆಕೊಪ್ಪದ ಸಫಾರಿಯ ಹುಲಿಗಳೆಲ್ಲ ಅವನನ್ನು ಗುರುತು ಹಿಡಿಯುತ್ತವೆ ಎಂದು ಅವನ ಹೆಂಡತಿ ಶೀಲಾ ಹೇಳುವುದುಂಟು. ಕರಪತ್ರದಲ್ಲಿದ್ದದ್ದು ಹಡಗಿನ ಪ್ರವಾಸ: ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವುದು, ನಾಲ್ಕು ದಿನ.

ಅಲ್ಲಿಂದ ಪ್ರತಿ ಭಾನುವಾರ ಸಭೆ. ಉಮಾಮಹೇಶ್ವರಿ ಊಟದ ಮೇಜು ಖಾಲಿ ಮಾಡಿಕೊಡಬೇಕು, ಗಂಡಸರು ನಕ್ಷೆ ಹರಡಬೇಕು. ಭದ್ರಾವತಿಯಿಂದ ಬಾಡಿಗೆ ಸುಮೋ. ಮೊದಲ ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ. ಘಟ್ಟ ಇಳಿದು ಉಡುಪಿಯಲ್ಲಿ ಮಲಗಿ, ಬೆಳಿಗ್ಗೆ ಮಲ್ಪೆಯಲ್ಲಿ ದೋಣಿಗಳು. ಸಂಜೆಗೆ ಕಣ್ಣೂರಿನ ಕೋಟೆ. ಮಾರನೇ ದಿನ ಕೊಚ್ಚಿ. ಊರುಗಳ ನಡುವಿನ ದೂರವನ್ನು ಅವರು ಅಳೆಯಲಿಲ್ಲ, ಬೆಳಕನ್ನು ಅಳೆದರು. ಯಾವ ಊರಿನಲ್ಲಿ ಸೂರ್ಯ ಯಾವ ಕಡೆಯಿಂದ ಬೀಳುತ್ತಾನೆ, ತೆಂಗಿನ ಗರಿಯನ್ನು ಎಡಕ್ಕಿಡುವುದೋ ಬಲಕ್ಕಿಡುವುದೋ ಎಂಬ ಚರ್ಚೆಗೆ ಮೂರು ಸುತ್ತು ಕಾಫಿ ಖರ್ಚಾಯಿತು.

“ಮಧ್ಯಾಹ್ನ ಎಲ್ಲಿ ನಿಲ್ಲಿಸ್ತೀರಿ?” ಕಾಫಿ ಲೋಟ ಎತ್ತಿಕೊಳ್ಳುತ್ತ ಉಮಾಮಹೇಶ್ವರಿ ಕೇಳಿದಳು.

“ಮಧ್ಯಾಹ್ನ ಯಾಕೆ ನಿಲ್ಲಿಸ್ಬೇಕು? ನೆತ್ತಿ ಮೇಲಿನ ಬೆಳಕು, ಒಂದು ಫೋಟೋನೂ ಬರಲ್ಲ,” ಎಂದರು ಷಡಕ್ಷರಪ್ಪನವರು.

“ಬೆಳಕಿಗಲ್ರೀ, ನಮಗೆ. ಹೆಂಗಸ್ರು ಎಲ್ಲಾದ್ರೂ ಇಳೀಬೇಕಲ್ಲ.”

“ದಾರಿ ಉದ್ದಕ್ಕೂ ಮರ ಇದಾವೆ ಅತ್ತಿಗೆ,” ಎಂದ ಮುರಳಿ, ಸಮಸ್ಯೆ ಬಗೆಹರಿಸಿದ ಠೀವಿಯಲ್ಲಿ.

“ಮರ ನೀವು ಹುಡುಕ್ಕೊಳಿ,” ಎಂದಳು ಶೀಲಾ. “ನಮಗೆ ಬಾಗಿಲು ಬೇಕು. ಚಿಲಕ ಇರೋ ಬಾಗಿಲು.”

ಗಂಡಸರಿಬ್ಬರೂ ಚಿಲಕದ ಗುರುತು ಹುಡುಕುವವರಂತೆ ಮತ್ತೆ ನಕ್ಷೆಯ ಮೇಲೆ ಬಗ್ಗಿದರು. ಆಮೇಲೆ ಷಡಕ್ಷರಪ್ಪನವರು ಹೆಂಗಸರ ಪಾತ್ರವೇನೆಂದು ವಿವರಿಸಿದರು. ಬರೀ ಸಮುದ್ರ ತೆಗೆದರೆ ಚಿತ್ರ ಸಪ್ಪೆ. ಮುಂದುಗಡೆ ಒಂದು ಆಕೃತಿ ಬೇಕು. ನೀಲಿಗೆ ಕೆಂಪು ಎದ್ದು ಕಾಣುತ್ತದೆ. ಆದ್ದರಿಂದ ಉಮಾಗೆ ಕೆಂಪು ಸೀರೆ, ಶೀಲಾಗೆ ಹಳದಿ. ಸುಕ್ಕಿರಬಾರದು.

“ಹಾಗಾದ್ರೆ ಇಸ್ತ್ರಿಪೆಟ್ಟಿಗೆನೂ ತರ್ಬೇಕಾ?” ಎಂದು ಕೇಳಿದಳು ಶೀಲಾ.

“ತಂದ್ರೆ ಒಳ್ಳೇದೇ,” ಎಂದರು ಷಡಕ್ಷರಪ್ಪನವರು. ಅವರಿಗೆ ಕುಹಕ ತಾಗುತ್ತಿರಲಿಲ್ಲ.

ಇಷ್ಟಾದರೂ ಉಮಾಮಹೇಶ್ವರಿ ಹೊರಡುವುದಕ್ಕೆ ಹಾತೊರೆಯುತ್ತಿದ್ದಳು. ಕಾರಣ ಸಮುದ್ರವಲ್ಲ. ಶೀಲಾ ಕರಪತ್ರವನ್ನು ಗಟ್ಟಿಯಾಗಿ ಓದಿದಾಗ ಅದರಲ್ಲಿ ಒಂದು ಸಾಲು ಬಂದಿತ್ತು: ತಿಂಡಿ, ಎರಡು ಹೊತ್ತಿನ ಊಟ, ಕಾಫಿ, ಚಹಾ ಹಡಗಿನಲ್ಲೇ, ಸಸ್ಯಾಹಾರವೂ ಉಂಟು.

“ಇನ್ನೊಂದ್ಸಲ ಓದು,” ಎಂದಿದ್ದಳು ಉಮಾಮಹೇಶ್ವರಿ. ಶೀಲಾ ಓದಿದಳು. “ನಾವು ಹೋಗಿ ಬಡಿಸ್ಕೋಬೇಕಾ, ಅವರೇ ಬಡಿಸ್ತಾರಾ?”

“ಅವರೇ ಬಡಿಸ್ತಾರೆ ಉಮಕ್ಕ. ನಾವು ಕೂತ್ಕೊಳೋದು.”

“ತಟ್ಟೆ?”

“ಅವರೇ ತೊಳ್ಕೋತಾರೆ.”

ಉಮಾಮಹೇಶ್ವರಿ ಮದುವೆಯಾಗಿ ಬಂದಾಗಿನಿಂದ ಬಿಸಿ ಅನ್ನ ಬಡಿಸಿದವಳೇ ಹೊರತು ಬಿಸಿ ಅನ್ನ ಉಂಡವಳಲ್ಲ. ನೆಂಟರ ಮದುವೆಗೆ ಹೋದರೂ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆ ಸೇರಬೇಕು; ಅವಳ ಕೈರುಚಿಯನ್ನು ಹೊಗಳಿ ಹೊಗಳಿಯೇ ಜನ ಅವಳನ್ನು ಅಲ್ಲಿ ಕೂಡಿಹಾಕಿದ್ದರು. ಬಾಣಂತನದಲ್ಲಿ ಮಾತ್ರ ತಾಯಿ ಬಡಿಸಿದ್ದಳು. ಮಗಳು ಇಂಪನಾ ಈಗ ಪಿಯುಸಿ ಓದುತ್ತಿದ್ದಳು. ನಾಲ್ಕು ದಿನ ಬೇರೆ ಯಾರೋ ಅಡುಗೆ ಮಾಡಿ, ಬೇರೆ ಯಾರೋ ತಂದಿಟ್ಟು, ತಾನು ಕೂತು ಉಣ್ಣುವುದು! ಅದಕ್ಕಾಗಿ ಕೆಂಪು ಸೀರೆಯುಟ್ಟು ಬಿಸಿಲಿನಲ್ಲಿ ನಿಲ್ಲಲೂ ಅವಳು ತಯಾರು.

ಮುಂದಿನ ಭಾನುವಾರ ಷಡಕ್ಷರಪ್ಪನವರು ನಕ್ಷೆಯಿಂದ ತಲೆಯೆತ್ತದೆ ಹೇಳಿದರು: “ಪಂಪ್ ಸ್ಟೌಗೆ ವಾಷರ್ ಹಾಕಿಸ್ಬೇಕು. ಹಡಗಿಗೆ ತಗೊಂಡ್ಹೋಗೋಣ.”

ಉಮಾಮಹೇಶ್ವರಿಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. “ಯಾಕೆ? ಊಟ ಅವರೇ ಕೊಡ್ತಾರಂತಲ್ಲ.”

“ಎಲ್ಲಾ ಮೀನು ಮಾರಾಯ್ತಿ. ಸಾರಿಗೂ ಮೀನಿಗೂ ಒಂದೇ ಸೌಟು. ನಮ್ಮಂಥವ್ರಿಗೆ ಆಗುತ್ತಾ? ಅಕ್ಕಿ, ಬೇಳೆ, ರವೆ ಇಟ್ಕೋ. ಬೆಳಿಗ್ಗೆ ಒಂದು ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು. ಸಿಂಪಲ್ಲಾಗಿ.”

ಕಾರ್ಖಾನೆಯ ಕ್ಲಬ್ಬಿನಲ್ಲಿ ಆಮ್ಲೆಟ್ ತಿನ್ನುವಾಗ ಷಡಕ್ಷರಪ್ಪನವರು ಸೌಟಿನ ವಿಚಾರಣೆ ಮಾಡಿದ್ದು ಯಾರಿಗೂ ನೆನಪಿಲ್ಲ. ಸಿಂಪಲ್ಲಾದ ಅಡುಗೆ ಎಂದರೇನೆಂದು ಅವರಿಗೆ ಗೊತ್ತಿರಲೂ ಕಾರಣವಿಲ್ಲ.

“ಬೆಂಕಿ ಹತ್ತೋ ಸಾಮಾನು ಹಡಗಿಗೆ ಬಿಡಲ್ಲ ಅಂತ ಇದ್ರಲ್ಲೇ ಇದೆ,” ಎಂದು ಅವಳು ಕರಪತ್ರ ಮುಂದಿಟ್ಟಳು. ಬೆರಳಿಟ್ಟು ತೋರಿಸಿದಳು ಕೂಡ.

ಷಡಕ್ಷರಪ್ಪನವರು ನಕ್ಕರು. “ಅಲ್ವೇ, ಹಡಗು ಅಂದ್ರೆ ಏನು? ಕಬ್ಬಿಣ. ಕಬ್ಬಿಣಕ್ಕೆ ಬೆಂಕಿ ಹತ್ತುತ್ತಾ? ಇಪ್ಪತ್ತು ವರ್ಷದಿಂದ ಕಬ್ಬಿಣದ ಜೊತೆಗೇ ಇದೀನಿ. ಕೆಂಪಗೆ ಕಾದ ಗಟ್ಟಿ ಮುಂದೆ ನಿಂತು ಬೀಡಿ ಹಚ್ಚೋರನ್ನ ನೋಡಿದೀನಿ. ಅದೆಲ್ಲ ಮರದ ದೋಣಿ ಕಾಲದ ರೂಲ್ಸು.”

“ಅಣ್ಣ ಹೇಳೋದ್ರಲ್ಲಿ ಪಾಯಿಂಟ್ ಇದೆ,” ಎಂದ ಮುರಳಿ. ಭದ್ರಾವತಿಯ ಗಂಡಸಿನ ಮುಂದೆ ಕಬ್ಬಿಣದ ವಿಷಯದಲ್ಲಿ ಶಿವಮೊಗ್ಗದವನು ಏನು ತಾನೇ ಹೇಳಬಲ್ಲ?

ಉಮಾಮಹೇಶ್ವರಿ ಕರಪತ್ರ ಮಡಚಿ ಒಳಗೆ ಎತ್ತಿಟ್ಟಳು. ಸ್ಟೌವಿಗೆ ವಾಷರ್ ಹಾಕಿಸಿಕೊಂಡು ಬಂದವಳು ಅವಳೇ. ಮಗಳನ್ನು ತನ್ನ ತಂಗಿಯ ಮನೆಯಲ್ಲಿ ಬಿಡುವುದು, ಹಾಲಿನವನಿಗೆ ಹೇಳುವುದು, ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯವರನ್ನು ಒಪ್ಪಿಸುವುದು, ನಲ್ಲಿ ಭದ್ರ ಮಾಡುವುದು, ಇವು ಯಾವುವೂ ಭಾನುವಾರದ ನಕ್ಷೆಯಲ್ಲಿರಲಿಲ್ಲವಾಗಿ ಅವನ್ನೂ ಅವಳೇ ಮಾಡಿದಳು. ಒಂದನ್ನು ಮಾತ್ರ ಮಾಡಲಿಲ್ಲ. ಆ ಮನೆಯಿಂದ ಧರ್ಮಸ್ಥಳಕ್ಕೆ ಹೋಗಲಿ, ಮದುವೆಗೆ ಹೋಗಲಿ, ಹಿಂದಿನ ದಿನವೇ ಜೋಳದ ರೊಟ್ಟಿ ಬಡಿದು, ಖಡಕ್ಕಾಗಿ ಒಣಗಿಸಿ, ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ ಡಬ್ಬಿಗಳಿಗೆ ತುಂಬುವುದು ರೂಢಿ. ವಾರವಾದರೂ ಕೆಡದ ಬುತ್ತಿ. ಈ ಸಲ ಬಡಿಯುವ ಸದ್ದಿಲ್ಲ.

ಶೀಲಾ ಫೋನ್ ಮಾಡಿದಳು. “ಉಮಕ್ಕ, ನಾನು ಚಪಾತಿ ಮಾಡ್ಕೊಂಡು ಬರ್ಲಾ?”

“ಏನೂ ಮಾಡ್ಬೇಡ ಮಾರಾಯ್ತಿ. ಸ್ಟೌ ಇದೆಯಲ್ಲ.”

“ಅದನ್ನ ಬಿಡಲ್ಲ ಅಂತ ನೀವೇ ತೋರಿಸಿದ್ರಲ್ಲ?”

“ನಾನು ತೋರಿಸಿದೆ. ಇವರು ಬಿಡ್ತಾರೆ ಅಂದ್ರು. ಇವರಿಗೆ ಕಬ್ಬಿಣ ಗೊತ್ತು.”

ಆ ಕಡೆಯಿಂದ ಶೀಲಾ ನಕ್ಕ ಸದ್ದು ರಿಸೀವರಿನಿಂದ ಹೊರಗೂ ಕೇಳಿಸಿತು. “ಹಿಟ್ಟು ಕಲಸಿದ್ದೆ. ಇವತ್ತೇ ತಿಂದು ಮುಗಿಸ್ತೀವಿ ಬಿಡಿ.”

ಜನವರಿಯಲ್ಲಿ ಸುಮೋ ಹೊರಟಿತು. ಆಗುಂಬೆಯಲ್ಲಿ ಮಂಜು ಕವಿದು ಸೂರ್ಯ ಮುಳುಗಿದ್ದು ಯಾರಿಗೂ ಕಾಣಲಿಲ್ಲ. ಗಂಡಸರು ಮಂಜನ್ನೇ ಒಂದು ರೋಲಿನಷ್ಟು ತೆಗೆದರು. ಮಲ್ಪೆಯಲ್ಲಿ ಹೆಂಗಸರು ಖಾಲಿ ಮೀನುಬುಟ್ಟಿ ತಲೆಯ ಮೇಲಿಟ್ಟುಕೊಂಡು ಬೆಸ್ತಗಿತ್ತಿಯರಂತೆ ನಡೆಯಬೇಕೆಂಬ ಸೂಚನೆ ಬಂತು. ಮೀನಿನ ಸೌಟಿಗೆ ಹೆದರುವವರಿಗೆ ಬುಟ್ಟಿ ಪರವಾಗಿಲ್ಲವೇ ಎಂದು ಶೀಲಾ ಕೇಳಿದ್ದರಿಂದ ಅದು ಕೈಬಿಟ್ಟುಹೋಯಿತು. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಗಾಡಿ ನಿಲ್ಲಿಸುವಂತೆ ಹೆಂಗಸರೇ ಡ್ರೈವರ್ ರಾಮಯ್ಯನ ಹತ್ತಿರ ಮಾತಾಡಿಕೊಂಡಿದ್ದರು. ಸುಮೋದ ಹಿಂದಿನ ಸೀಟಿನಡಿ ಗೋಣಿಚೀಲದಲ್ಲಿ ಸ್ಟೌ ಕೂತಿತ್ತು. ಕೊಚ್ಚಿ ಮುಟ್ಟುವ ಹೊತ್ತಿಗೆ ಎಲ್ಲರ ಬಟ್ಟೆಯೂ ಸೀಮೆಎಣ್ಣೆ ನಾರುತ್ತಿತ್ತು.

ಬಂದರಿನಲ್ಲಿ ತಪಾಸಣೆಯವನಿಗೆ ಚೀಲ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ದೂರದಿಂದಲೇ ಮೂಗು ಕಿವುಚಿ ಕೈ ಅಡ್ಡ ಹಿಡಿದ.

“ಶಿಪ್ ಐರನ್, ಸಾರ್,” ಎಂದು ಷಡಕ್ಷರಪ್ಪನವರು ತಿಳಿಹೇಳಿದರು. “ಐ ಆಮ್ ಐರನ್ ಫ್ಯಾಕ್ಟರಿ. ಫೋರ್‌ಮನ್.”

ತಪಾಸಣೆಯವನು ಅವರನ್ನು ನೋಡಿದ, ಚೀಲವನ್ನು ನೋಡಿದ, ಆಚೆಗೆ ಬೆರಳು ತೋರಿಸಿದ. ಹಿಂದಿನ ಸಾಲಿನವರು ಮಲಯಾಳದಲ್ಲಿ ಏನೋ ಅಂದು ನಕ್ಕರು. ಸ್ಟೌ ರಾಮಯ್ಯನ ಸುಮೋಗೆ ವಾಪಸಾಯಿತು.

“ಹೋಗ್ಲಿ, ರೊಟ್ಟಿ ಯಾವ ಬ್ಯಾಗಲ್ಲಿದೆ?” ಎಂದು ಕೇಳಿದರು ಷಡಕ್ಷರಪ್ಪನವರು.

“ಮಾಡ್ಲಿಲ್ಲ.”

“ಮಾಡ್ಲಿಲ್ವಾ? ಚಟ್ನಿಪುಡಿ? ಅವಲಕ್ಕಿ?”

“ಸ್ಟೌ ಇತ್ತಲ್ಲ. ಬಿಸಿಬಿಸಿ ಮಾಡಿಕೊಡೋಣ ಅಂತಿದ್ದೆ.”

ಅವರು ಮುರಳಿಯ ಮುಖ ನೋಡಿದರು. ಮುರಳಿ ಶೀಲಾಳ ಮುಖ ನೋಡಿದ. ಶೀಲಾ ಹಡಗಿನ ಎತ್ತರ ನೋಡುತ್ತಿದ್ದಳು.

“ನಾಲ್ಕು ದಿನ ಉಪವಾಸ ಇರೋಕಾಗುತ್ತಾ? ಒಂದು ಕೆಲ್ಸ ಮಾಡೋಣ,” ಎಂದರು ಷಡಕ್ಷರಪ್ಪನವರು. “ಹಡಗು ಬೇಡ. ಇಲ್ಲೇ ಎಲ್ಲಾದ್ರೂ ರೂಮ್ ಮಾಡಿ, ಸ್ಟೌ ಹಚ್ಕೊಂಡು, ಬಂದರಿನ ಫೋಟೋ ತೆಗ್ಯೋಣ. ಇಲ್ಲೂ ಬೆಳಕು ಚೆನ್ನಾಗಿದೆ.”

ಇಷ್ಟು ದೂರ ಬಂದು ಕೊಚ್ಚಿಯ ಲಾಡ್ಜಿನ ಬಚ್ಚಲಿನಲ್ಲಿ ಕೂತು ಉಪ್ಪಿಟ್ಟು ಕೆದಕುವ ಚಿತ್ರ ಉಮಾಮಹೇಶ್ವರಿಯ ಕಣ್ಣಮುಂದೆ ಸ್ಪಷ್ಟವಾಗಿಯೇ ಬಂದಿರಬೇಕು. ಅವಳು ಬಗ್ಗಿ ತನ್ನ ಬ್ಯಾಗನ್ನು ಎತ್ತಿಕೊಂಡಳು.

“ನನ್ನ ಟಿಕೆಟ್ ನನ್ನ ಹತ್ರ ಇದೆ. ನೀವು ನಿಧಾನಕ್ಕೆ ಯೋಚನೆ ಮಾಡಿ, ನಾನು ಹತ್ತಿರ್ತೀನಿ.”

“ಏ ಉಮಾ! ಒಬ್ಬಳೇ ಹೋಗ್ತೀಯಾ?”

“ಶೀಲಾ ಬರ್ತಾಳೆ.”

ಶೀಲಾ ಆಗಲೇ ಏಣಿಯ ಬುಡದಲ್ಲಿದ್ದಳು. ಇಬ್ಬರೂ ಹಿಂತಿರುಗಿ ನೋಡದೆ ಹತ್ತಿದರು. ಗಂಡಸರು ಕೆಳಗೆ ನಿಂತು ಒಂದಷ್ಟು ಹೊತ್ತು ಸ್ವಾಭಿಮಾನ ಕಾಪಾಡಿಕೊಂಡರು. ಕೊನೆಗೆ ಬಂದರಿನ ಅಂಗಡಿಯಲ್ಲಿ ಒಂದು ಗೊನೆ ಬಾಳೆಹಣ್ಣು, ನಾಲ್ಕು ಪೊಟ್ಟಣ ಬಿಸ್ಕತ್ತು ಕೊಂಡು, ಟ್ರೈಪಾಡು ಹೆಗಲಿಗೇರಿಸಿ ತಾವೂ ಹತ್ತಿದರು.

ಆ ರಾತ್ರಿಯೂಟವನ್ನು ಹಡಗಿನಲ್ಲಿ ಬೇಗನೆ, ಸರದಿಯ ಮೇಲೆ ಬಡಿಸುತ್ತಿದ್ದರು. ಉಮಾಮಹೇಶ್ವರಿ ಮೊದಲ ಸರದಿಗೇ ಹೋಗಿ ಕೂತಳು. ಮೇಜಿನ ಮೇಲೆ ಅಂಗೈ ಇಟ್ಟುಕೊಂಡು, ಆ ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಒಮ್ಮೆ ಮಡಿಲಿಗೆ ತೆಗೆದುಕೊಂಡಳು, ಮತ್ತೆ ಮೇಲಿಟ್ಟಳು. ಬಡಿಸುವವನು ಬಂದು ತಟ್ಟೆಯಿಟ್ಟ. ದಪ್ಪ ಅಕ್ಕಿಯ ಅನ್ನ, ತೆಂಗಿನಕಾಯಿ ಹಾಕಿದ ಪಲ್ಯ, ಅವಳ ಮನೆಯಲ್ಲಾದರೆ ನೀರಾಯಿತೆಂದು ಮೂರು ಮಾತು ಬೀಳುತ್ತಿದ್ದಂಥ ಸಾರು. ಅನ್ನದಿಂದ ಹಬೆ ಏಳುತ್ತಿತ್ತು.

ಅವಳು ಎರಡು ತುತ್ತು ಉಂಡಿರಬೇಕು, ಷಡಕ್ಷರಪ್ಪನವರು ಬಾಗಿಲಲ್ಲಿ ಕಾಣಿಸಿಕೊಂಡರು. “ಉಮಾ, ಬೇಗ ಬಾ! ಸೂರ್ಯ ನೀರಿಗೆ ತಾಗ್ತಿದಾನೆ. ಕೆಂಪು ಸೀರೆ ಉಟ್ಕೊಂಡು ಕಂಬಿ ಹತ್ರ ನಿಂತ್ಕೋ!”

“ಊಟ ಮಾಡ್ತಿದೀನಿ ಕಣ್ರೀ.”

“ಆಮೇಲೆ ಮಾಡುವಂತೆ. ಬೆಳಕು ಹೋಗುತ್ತೆ!”

“ಅನ್ನ ಆರುತ್ತೆ,” ಎಂದು ಅವಳು ಮೂರನೇ ತುತ್ತು ಕಲಸಿದಳು.

ಅವರು ಓಡಿದರು, ಮತ್ತೆ ಬಂದು ಇಣುಕಿದರು, ಮತ್ತೆ ಓಡಿದರು. ಕೆಂಪಿಲ್ಲದ ಸೂರ್ಯಾಸ್ತವನ್ನು ಕೆಲವು ಸಲ ಕ್ಲಿಕ್ಕಿಸಿದ್ದೂ ಆಯಿತು. ಅಷ್ಟರಲ್ಲಿ ಮುರಳಿ ಸದ್ದಿಲ್ಲದೆ ಬಂದು ಹೆಂಡತಿಯ ಪಕ್ಕ ಕೂತು, ಸೌಟಿನ ವಿಷಯ ಎತ್ತದೆ ಉಣ್ಣತೊಡಗಿದ್ದ. ಕತ್ತಲಾದ ಮೇಲೆ ಷಡಕ್ಷರಪ್ಪನವರೂ ಬಂದು ಉಮಾಮಹೇಶ್ವರಿಯ ಎದುರು ಕುರ್ಚಿ ಎಳೆದುಕೊಂಡರು. ಅವಳು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಅವರ ಮುಂದೆ ತಟ್ಟೆ ಬಂತು, ಅನ್ನ ಬಂತು, ಸಾರು ಬಂತು. ಒಂದು ತುತ್ತು ಬಾಯಿಗಿಟ್ಟು, ಮನೆಯಲ್ಲಿ ನೋಡುವಂತೆಯೇ ತಲೆಯೆತ್ತಿ ಹೆಂಡತಿಯನ್ನು ನೋಡಿ, “ಉಪ್ಪು,” ಎಂದರು.

ಉಪ್ಪಿನ ಬಟ್ಟಲು ಅವರ ಮೊಣಕೈ ಹತ್ತಿರವೇ ಇತ್ತು. ಉಮಾಮಹೇಶ್ವರಿ ಅತ್ತ ನೋಡಲಿಲ್ಲ. ಬಡಿಸುವವನ ಕಡೆ ತಿರುಗಿ, ಭಾಷೆ ಬರದೆ, ತಟ್ಟೆಯನ್ನು ಮುಂದೆ ಹಿಡಿದು ಸಾರಿಗೆ ಕೈ ತೋರಿಸಿದಳು.