ಬಾಗಿಲಿಗೆ ಒತ್ತುಕೊಟ್ಟ ಕಲ್ಲು

ಕಬ್ಬಿಣದ ಚಿಲಕ ಬೀಳುವ ಸದ್ದು ಈಗೀಗ ಎಲ್ಲೂ ಕೇಳಿಸುವುದಿಲ್ಲ. ನಾನು ಕೆಲಸ ಮಾಡುವ, ಮುಂಬಯಿ ಬಳಿಯ ಮಹಾಪೆಯ ಆಫೀಸಿನಲ್ಲಿ ಕಾರ್ಡು ತೋರಿಸಿದರೆ ಬಾಗಿಲು ಸದ್ದಿಲ್ಲದೆ ಸರಿಯುತ್ತದೆ. ನೆರೂಲಿನ ನಮ್ಮ ಫ್ಲ್ಯಾಟಿನ ಬಾಗಿಲು ಎಳೆದರೆ ತಾನಾಗಿಯೇ ಲಾಕ್ ಆಗುತ್ತದೆ. ಆದರೆ ಮೊನ್ನೆ ಸಂಜೆ ಆಫೀಸಿನ ಹಿಂದಿನ ಹಳೇ ಗೋಡೌನನ್ನು ಯಾರೋ ಮುಚ್ಚುವಾಗ ಠಣ್ ಎಂದು ಚಿಲಕ ಬಿತ್ತು ನೋಡಿ, ಕೈಯಲ್ಲಿದ್ದ ಚಹಾ ಕೈಯಲ್ಲೇ ಉಳಿಯಿತು. ಡೊಂಬಿವಲಿಯ ಶಾಲೆಯೊಂದರ ಹಾಲ್, ಅದರೊಳಗಿನ ಸೀಮೆಸುಣ್ಣದ ವಾಸನೆ, ಗಂಜಿ ಹಾಕಿದ ಬಿಳಿ ಷರಟಿನಲ್ಲಿ ಬಾಗಿಲ ಬಳಿ ನಿಂತ ಅಪ್ಪ, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಮೊದಲು ಚಿಕ್ಕಂದಿನ ಹೆದರಿಕೆಯೇ ಬಂತು. ಆಮೇಲೆ ನಡೆದದ್ದು ನೆನಪಾಗಿ ನಗು ಬಂತು, ಎದೆ ಹಗುರಾಯಿತು.

ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಗೇಣಗಲದ ಗ್ಯಾಲರಿ. ಗಾಳಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಒಗೆದ ಬಟ್ಟೆಗೂ ಕೆಮಿಕಲ್ ವಾಸನೆ ಹತ್ತುತ್ತಿತ್ತು. ಭಾನುವಾರ ಬೆಳಿಗ್ಗೆ ಮಾತ್ರ ಆ ವಾಸನೆ ಸೋಲುತ್ತಿತ್ತು. ಅಮ್ಮ ಪುಂಡಿಯ ಉಂಡೆಗಳನ್ನು ಬೇಯಲು ಇಟ್ಟ ಪಾತ್ರೆಯಿಂದ ಅಕ್ಕಿಯ, ತೆಂಗಿನಕಾಯಿಯ ಆವಿ ಎದ್ದು ಮನೆಯೆಲ್ಲ ತುಂಬಿಕೊಳ್ಳುತ್ತಿತ್ತು. ಅದರ ನಡುವೆ ಅಪ್ಪನ ಇಸ್ತ್ರಿಯ ಬಿಸಿ, ಬೂಟ್ ಪಾಲಿಶ್, ನನ್ನ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಆ ಬಿಲ್ಡಿಂಗ್ ಈಗಿಲ್ಲ, ರೀಡೆವಲಪ್‌ಮೆಂಟಿಗೆ ಹೋಗಿ ಆ ಜಾಗದಲ್ಲಿ ಟವರ್ ಎದ್ದಿದೆ. ಅಲ್ಲಿ ಎಷ್ಟೋ ಮನೆಗಳಿರಬಹುದು, ಆದರೆ ಅಪ್ಪ ಇಸ್ತ್ರಿ ಮಾಡುತ್ತಿದ್ದ ಆ ಅಡುಗೆಮನೆಯ ಮೂಲೆ ಎಲ್ಲಿ ಬಂತೋ ಹೇಳುವವರಿಲ್ಲ.

ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳು ಕೆಲವು, ಧಾರವಾಡದ ಕಡೆಯವು ಕೆಲವು, ಎಲ್ಲ ಸೇರಿ ನಮ್ಮದೊಂದು ಪುಟ್ಟ ಕನ್ನಡ ಸಭೆ. ಸ್ವಂತ ದೇವಾಲಯವಿರಲಿಲ್ಲ, ಭಾನುವಾರ ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದಿದ್ದೆವು. ಪಾದ್ರಿಯವರು ಮುಂಬಯಿಯಿಂದ ತಿಂಗಳಿಗೊಮ್ಮೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಬರುತ್ತಿದ್ದರು. ಮಿಕ್ಕ ಭಾನುವಾರ ಆರಾಧನೆ ನಡೆಸುವುದು ಸಭೆಯ ಹಿರಿಯರಾದ ಅಪ್ಪನ ಕೆಲಸ. ಹಾಲಿನ ಕೀಲಿ ಇದ್ದದ್ದೂ ಅಪ್ಪನ ಹತ್ತಿರವೇ. ಇನ್ನೊಂದು ಕೀಲಿ ಮಾಡಿಸೋಣವೆಂದು ಯಾರಾದರೂ ಅಂದರೆ, "ಎರಡು ಕೀಲಿ ಆದ್ರೆ ಜವಾಬ್ದಾರಿ ಯಾರದ್ದೂ ಅಲ್ಲ" ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದರು.

ಅಪ್ಪ ಎಂಐಡಿಸಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಲ್ಲಿ ಸೈರನ್ನಿನ ಭೋಂಗಾ ಕೂಗಿತೆಂದರೆ ಗೇಟು ಮುಚ್ಚುತ್ತಿತ್ತು, ತಡವಾದವರು ಹೊರಗೆ. ಆ ಪದ್ಧತಿಯನ್ನು ಅಪ್ಪ ಹಾಗೆಯೇ ಹೊತ್ತು ತಂದು ದೇವರ ಮನೆಗೂ ಹಾಕಿದರು. ಮೊದಲ ಕೀರ್ತನೆ ಶುರುವಾಗುವ ಹೊತ್ತಿಗೆ ಒಳಗಿನ ಚಿಲಕ ಬೀಳಬೇಕು. ಆಮೇಲೆ ಬಂದವರು ಪ್ರಸಂಗದ ಉಪದೇಶ ಮುಗಿಯುವ ತನಕ ಮೆಟ್ಟಿಲ ಮೇಲೆ. ಮದುಮಗನಿಗಾಗಿ ದೀಪ ಹಿಡಿದು ಕಾದ ಹತ್ತು ಮಂದಿ ಕನ್ಯೆಯರ, ಬೈಬಲಿನ ಸಾಮ್ಯದ ಕಥೆ ಅಪ್ಪನಿಗೆ ಬಲು ಪ್ರೀತಿಯದು. ಅದರಲ್ಲೂ ಎಣ್ಣೆ ತರಲು ಹೋದವರು ಹಿಂದೆ ಬರುವಷ್ಟರಲ್ಲಿ ಬಾಗಿಲು ಮುಚ್ಚುವ ಭಾಗ ಬಂದರೆ ಅವರ ದನಿ ಏರುತ್ತಿತ್ತು. ಕಲ್ಯಾಣ, ಅಂಬರನಾಥ, ಠಾಣೆ ಊರುಗಳಿಂದ ಬರುವವರು ಹಳಿ ದುರಸ್ತಿಗೆಂದು ಟ್ರೇನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಲ್ಲಿ ಸಿಕ್ಕಿಹಾಕಿಕೊಂಡು ಏದುಸಿರು ಬಿಡುತ್ತಾ ಬಂದರೆ, "ಟ್ರೇನು ತಡ ಆಗುವುದಿಲ್ಲ, ಮನುಷ್ಯರು ತಡ ಆಗುವುದು" ಎನ್ನುತ್ತಿದ್ದರು. ನಮ್ಮ ಮನೆಯಿಂದ ಹಾಲಿಗೆ ನಡೆದುಕೊಂಡು ಹೋದರಾಯಿತು. ಅಪ್ಪ ಭಾನುವಾರ ಟ್ರೇನು ಹತ್ತಿದವರೇ ಅಲ್ಲ.

ಅಂಬರನಾಥದಿಂದ ಬರುತ್ತಿದ್ದವರಲ್ಲಿ ಸುಶೀಲಮ್ಮ ಎಂಬ ಅಜ್ಜಿ ಇದ್ದರು. ಮಗನ ಮನೆಯಲ್ಲಿದ್ದ ವಿಧವೆ, ದಪ್ಪ ದೇಹ, ನೋವಿನ ಮಂಡಿ, ಯಾರನ್ನೂ ಬಿಡದೆ ಗೇಲಿ ಮಾಡುವ ಬಾಯಿ. ಮಕ್ಕಳಿಗೆಲ್ಲ ಅವರ ಕೈಚೀಲದಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಒಂದು ಮಳೆಗಾಲದ ಭಾನುವಾರ, ಕರ್ತನ ಭೋಜನದ ದಿನ, ಹಳಿಯ ಮೇಲೆ ನೀರು ನಿಂತು ಟ್ರೇನುಗಳೆಲ್ಲ ತೆವಳುತ್ತಿದ್ದವು. ಚಿಲಕ ಬಿದ್ದ ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಮೆಲ್ಲಗೆ, ಎರಡನೆಯ ಸಲ ಇನ್ನೂ ಮೆಲ್ಲಗೆ. ಪಾದ್ರಿಯವರು ಮುಂದೆ ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದರು, ಮಳೆಯ ಗದ್ದಲದಲ್ಲಿ ಅವರಿಗೆ ಕೇಳಿಸಿರಲಾರದು. ಬಾಗಿಲ ಪಕ್ಕದಲ್ಲೇ ನಿಂತಿದ್ದ ಅಪ್ಪ ಅಲ್ಲಾಡಲಿಲ್ಲ. ಪ್ರಸಂಗ ಮುಗಿದು ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಕೊಡೆಯಿಂದ ಸೋರಿದ ನೀರು ಮಾತ್ರ ಇತ್ತು. ಪಕ್ಕದ ಅಂಗಡಿಯವನು, ಒಬ್ಬ ಅಜ್ಜಿ ಬಹಳ ಹೊತ್ತು ಕೂತಿದ್ದು ಎದ್ದು ಹೋದರೆಂದು ಹೇಳಿದ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ಬಾಗಿಲು ಬಡಿದದ್ದು ನಿಮಗೆ ಕೇಳಿಸಲಿಲ್ವಾ?"

"ಕೇಳಿಸಿತು," ಎಂದರು ಅಪ್ಪ.

ಅಮ್ಮ ಮೀನಿನ ಸಾರು ಬಡಿಸಿ ಒಳಗೆ ಹೋದರು. ಸುಶೀಲಮ್ಮ ಮರುವಾರ ಬರಲಿಲ್ಲ, ಅದರ ಮರುವಾರವೂ ಬರಲಿಲ್ಲ. ಅವರ ಹಿಂದೆಯೇ ದೂರದ ಇನ್ನೂ ಕೆಲವರು ಬರುವುದನ್ನು ನಿಲ್ಲಿಸಿದರು. ಬೆಂಚುಗಳು ಖಾಲಿಯಾಗುತ್ತಾ ಬಂದವು, ಅಪ್ಪನ ಚಿಲಕ ಮಾತ್ರ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು. ಮನೆಯಲ್ಲಿಯೂ ಮಾತು ಕಡಿಮೆಯಾಯಿತು. ಅಪ್ಪ ತಪ್ಪು ಮಾಡಿದ್ದಾರೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತೆಂದು ಈಗ ಅನಿಸುತ್ತದೆ. ಹೇಗೆ ಹಿಂದೆ ಬರುವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಮುಂದಿನ ವರ್ಷ ಈಸ್ಟರ್ ಬಂತು. ನಮ್ಮಲ್ಲಿ ಈಸ್ಟರ್ ಆರಾಧನೆ ನಸುಕಿಗೇ, ಸೂರ್ಯ ಹುಟ್ಟುವ ಮೊದಲು. ಹಿಂದಿನ ದಿನ ಠಾಣೆಯಲ್ಲಿದ್ದ ನನ್ನ ಅತ್ತೆಯ ಹೊಸ ಮಗುವನ್ನು ನೋಡಲು ಅಪ್ಪ ಹೊರಟರು, ಹಟ ಮಾಡಿ ನಾನೂ ಹೊರಟೆ. ರಾತ್ರಿಯೇ ಹಿಂದೆ ಬನ್ನಿ ಎಂದು ಅಮ್ಮ ಅಷ್ಟು ಹೇಳಿದರೂ, ಮೊದಲ ಟ್ರೇನಿಗೆ ಬರುತ್ತೇವೆ, ಹೊತ್ತಿಗೆ ಮೊದಲೇ ಅಲ್ಲಿರುತ್ತೇವೆ ಎಂದು ಅಪ್ಪ ಕೀಲಿಯನ್ನು ಷರಟಿನ ಜೇಬಿಗೆ ಹಾಕಿಕೊಂಡರು. ಅಮ್ಮ ಒಂದು ವಿಷಯವನ್ನು ಅಪ್ಪನಿಗೆ ಹೇಳಿರಲಿಲ್ಲ. ಆ ವಾರವೇ ಅವರು ಅಂಬರನಾಥಕ್ಕೆ ಹೋಗಿ ಸುಶೀಲಮ್ಮನನ್ನು ಈಸ್ಟರಿಗೆ ಕರೆದು ಬಂದಿದ್ದರು. ತಡವಾದೀತೆಂಬ ಹೆದರಿಕೆಗೆ ಆ ಅಜ್ಜಿ ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದು, ಅಪ್ಪ ಮಲಗುವ ಜಾಗದಲ್ಲೇ ಚಾಪೆ ಹಾಸಿ ಮಲಗಿದ್ದರು.

ನಾವು ಹತ್ತಿದ ಟ್ರೇನು ಮುಂಬ್ರಾ ದಾಟಿ, ದಿವಾ ಸ್ಟೇಷನ್ ಇನ್ನೂ ಬರಬೇಕೆನ್ನುವಾಗ ನಿಂತುಬಿಟ್ಟಿತು. ರಾತ್ರಿ ಹಳಿಯ ಕೆಲಸಕ್ಕೆ ಹಾಕಿದ್ದ ಬ್ಲಾಕ್ ಬೆಳಗಿನವರೆಗೂ ಎಳೆದಿತ್ತಂತೆ. ಕಿಟಕಿಯ ಹೊರಗೆ ಕತ್ತಲಲ್ಲಿ ಉಪ್ಪುನೀರಿನ ಖಾಡಿಯ ಕೆಸರಿನ ವಾಸನೆ. ಅಪ್ಪ ಬಾಗಿಲಿಗೆ ಹೋದರು, ಬಂದರು, ಮತ್ತೆ ಹೋದರು. ಎದುರು ಕೂತಿದ್ದ ಕೊತ್ತಂಬರಿ ಮಾರುವ ಹೆಂಗಸು ನೋಡಿ ನೋಡಿ, "ಬಸಾ ಕಾಕಾ, ಗಾಡೀ ಆಪಲ್ಯಾ ಹಾತಾತ ಆಹೇ ಕಾ?" ಎಂದಳು. ಕೂತುಕೊಳ್ಳಿ, ಗಾಡಿ ನಮ್ಮ ಕೈಯಲ್ಲಿದೆಯೇ ಎಂದು. ಅಪ್ಪ ಕೂತರು. ಹೊರಗೆ ಮೆಲ್ಲಗೆ ಬೆಳಕಾಯಿತು, ನೀರು ಕಂಡಿತು, ಬಿಳಿ ಹಕ್ಕಿಗಳು ಕಂಡವು. ಆ ಹೊತ್ತಿಗೆ ನಾವು ಹಾಲಿನಲ್ಲಿ ನಿಂತು ಕರ್ತನು ಎದ್ದಿದ್ದಾನೆಂದು ಹಾಡಬೇಕಾಗಿತ್ತು. ಅಪ್ಪ ಜೇಬಿನಿಂದ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಇದ್ದರು. ಬಹಳ ಹೊತ್ತಿನ ಮೇಲೆ, "ಸುಶೀಲಮ್ಮ ಅವತ್ತು ಹೀಗೇ ಕೂತಿರಬೇಕು, ಬೇಬಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಗಾಬರಿಯಾಗಿ ಅವರ ತೋಳು ಹಿಡಿದುಕೊಂಡೆ.

ಅತ್ತ ಹಾಲಿನ ಮುಂದೆ ನಡೆದದ್ದನ್ನು ಅಮ್ಮ ಆಮೇಲೆ ಎಷ್ಟು ಸಲ ಹೇಳಿದರೂ ನಗುತ್ತಲೇ ಹೇಳುತ್ತಿದ್ದರು. ಹೊಸ ಬಟ್ಟೆ ತೊಟ್ಟ ಸಭೆಯೆಲ್ಲ ಬೀಗದ ಮುಂದೆ ನಿಂತಿದೆ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಅಪ್ಪನಿಗೆ ಏನಾಯಿತೋ ಎಂಬ ಚಿಂತೆ ಕೆಲವರಿಗೆ, ಸರಿಯಾಗಿಯೇ ಆಯಿತೆಂಬ ಸಂತೋಷ ಕೆಲವರಿಗೆ. ಆಗ ಸುಶೀಲಮ್ಮ, "ಕರ್ತನ ಸಮಾಧಿಗೆ ಹೋದ ಹೆಂಗಸರಿಗೆ ಅದರ ಬಾಯಿಯ ಕಲ್ಲು ಉರುಳಿಸುವವರು ಯಾರೆಂಬ ಚಿಂತೆ, ನಮಗೆ ಬೀಗದ ಚಿಂತೆ. ಕರ್ತ ಎದ್ದು ಹೊರಗೇ ಇದ್ದಾನೆ ಮಾರಾಯ್ರೆ, ಹಾಡುವ" ಎಂದವರೇ ಮೆಟ್ಟಿಲ ಮೇಲೆ ಕೂತು ಕೀರ್ತನೆ ಎತ್ತಿಕೊಂಡರಂತೆ.

ನಾವು ಸ್ಟೇಷನ್ನಿನಿಂದ ಓಡಿ ಬರುವಾಗ ದೂರದಿಂದಲೇ ಹಾಡು ಕೇಳಿಸಿತು. ಬಿಸಿಲು ಏರಿತ್ತು. ಮೆಟ್ಟಿಲ ತುಂಬ ಜನ, ಮೇಲೆ ನಡುವಿನಲ್ಲಿ ಸುಶೀಲಮ್ಮ. ಅಪ್ಪ ಗೇಟಿನ ಹೊರಗೆ ನಿಂತುಬಿಟ್ಟರು. ಹಾಡು ನಿಂತಿತು, ಎಲ್ಲರೂ ತಿರುಗಿದರು. ಏನಾದರೂ ಅನ್ನಬೇಕಾದವರೆಂದರೆ ಆ ಅಜ್ಜಿ ಒಬ್ಬರೇ. ಅವರು ಮಂಡಿ ಹಿಡಿದುಕೊಂಡು ಕೂತಲ್ಲಿಂದಲೇ ಸರಿದು, ಪಕ್ಕದ ಮೆಟ್ಟಿಲನ್ನು ಸೆರಗಿನಿಂದ ಒರೆಸಿದರು. "ಎಂತ ಅಲ್ಲೇ ನಿಂತದ್ದು ಜಯಾನಂದರೇ? ಬನ್ನಿ, ಇಲ್ಲಿ ಜಾಗ ಉಂಟು."

ಅಪ್ಪ ಹೋಗಿ ಅವರ ಪಕ್ಕದಲ್ಲಿ ಕೂತರು. ಕೈಯಲ್ಲಿ ಕೀಲಿ ಇತ್ತು, ಬಾಗಿಲು ತೆರೆಯಬೇಕೆಂದು ಅವರಿಗೂ ಹೊಳೆಯಲಿಲ್ಲ, ಬೇರೆಯವರಿಗೂ ಹೊಳೆಯಲಿಲ್ಲ. ಆರಾಧನೆ ಮೆಟ್ಟಿಲ ಮೇಲೆಯೇ ಮುಗಿಯಿತು. ಕೊನೆಗೆ ಅಪ್ಪ ಎದ್ದು ನಿಂತು, ಮಳೆಯ ದಿನ ಬಾಗಿಲು ಬಡಿದದ್ದು ತನಗೆ ಕೇಳಿಸಿತ್ತು, ಕೇಳಿಸಿಯೂ ತೆಗೆಯಲಿಲ್ಲ ಎಂದು ಎಲ್ಲರೆದುರು ಹೇಳಿದರು. ಸುಶೀಲಮ್ಮನಿಗೆ ಕೈಮುಗಿದರು. ಇನ್ನು ಈ ಕೆಲಸಕ್ಕೆ ತಾನು ತಕ್ಕವನಲ್ಲ, ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ಕೀಲಿಯನ್ನು ಅವರ ಮಡಿಲಲ್ಲಿಟ್ಟರು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮೂರು ಸಲ ಕರ್ತನನ್ನು ಗೊತ್ತೇ ಇಲ್ಲ ಅಂದವ ಶಿಷ್ಯ ಪೇತ್ರ. ಅವನ ಹತ್ರ ಕೊಟ್ಟ ಪರಲೋಕದ ಕೀಲಿಯನ್ನು ಕರ್ತ ವಾಪಸ್ ಕೇಳಿದ್ದಾನಾ? ಕುರಿಗಳನ್ನೂ ನೀನೇ ಮೇಯಿಸು ಅಂದದ್ದಲ್ವಾ? ತಡ ಆಗಿ ಬರುವವರ ಸಂಕಟ ನಿಮಗೆ ಇವತ್ತು ಗೊತ್ತಾಯ್ತು. ಇನ್ನು ನೀವೇ ಬೇಕು ನಮಗೆ." ಹಾಗೆಂದು ಕೀಲಿಯನ್ನು ಅಪ್ಪನ ಜೇಬಿಗೇ ಹಾಕಿ, ಮೇಲಿನಿಂದ ಒಂದು ತಟ್ಟು ತಟ್ಟಿದರು. "ಆದ್ರೆ ಇನ್ನೊಂದು ಕೀಲಿ ಮಾಡಿಸಿ. ನನಗೆ." ಅಮ್ಮ ಈಸ್ಟರಿಗೆಂದು ಬೇಯಿಸಿ ತಂದಿದ್ದ ಮೊಟ್ಟೆಗಳು ಆರಿ ತಣ್ಣಗಾಗಿದ್ದವು. ಅಷ್ಟು ರುಚಿಯ ಮೊಟ್ಟೆ ನಾನು ಮತ್ತೆ ತಿಂದಿಲ್ಲ.

ಮರುವಾರ ಅಪ್ಪ ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಒಂದು ಕರಿಕಲ್ಲನ್ನು ಬಿಳಿ ಷರಟಿನಲ್ಲೇ ಉರುಳಿಸಿಕೊಂಡು ಬಂದು, ತೆರೆದ ಬಾಗಿಲಿಗೆ ಒತ್ತುಕೊಟ್ಟರು. ಷರಟಿನ ಗಂಜಿಯೆಲ್ಲ ಹಾಳು. ಅಮ್ಮ ಬೈಯಲಿಲ್ಲ. ಕಲ್ಲು ಉರುಳಿಸುವವರು ಅಂತೂ ಸಿಕ್ಕಿದರೆಂದು ಸುಶೀಲಮ್ಮ ಗೇಲಿ ಮಾಡಿದಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಅಪ್ಪನೇ. ಅಂದಿನಿಂದ ಮೊದಲ ಕೀರ್ತನೆಯನ್ನು ಅಪ್ಪ ಒಳಗೆ ನಿಂತು ಹಾಡಿದ್ದನ್ನು ನಾನು ನೋಡಿಲ್ಲ. ಜಗಲಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಂತು ಹಾಡುತ್ತಿದ್ದರು, ಮಳೆ ಬಂದರೆ ಕೊಡೆ ಹಿಡಿದು ಗೇಟಿನ ತನಕ ಹೋಗುತ್ತಿದ್ದರು, ತಡವಾಗಿ ಬಂದವರ ಮಕ್ಕಳನ್ನು ಎತ್ತಿಕೊಂಡು ಬಂದು ಕೂರಿಸಿ, ಮುಂದೆ ನಿಲ್ಲಬೇಕಾದ ಹೊತ್ತು ಬಿಟ್ಟರೆ ತಾವು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ದೂರದವರು ಒಬ್ಬೊಬ್ಬರಾಗಿ ಹಿಂದೆ ಬಂದರು. ಕನ್ಯೆಯರ ಸಾಮ್ಯವನ್ನು ಅಪ್ಪ ಬಿಡಲಿಲ್ಲ, ಆದರೆ ಮುಚ್ಚಿದ ಬಾಗಿಲಿನ ಭಾಗಕ್ಕೆ ಬಂದಾಗ ದನಿ ತಗ್ಗುತ್ತಿತ್ತು. ಬಾಗಿಲು ಮುಚ್ಚುವ ಅಧಿಕಾರ ಮದುಮಗನದು, ಕಾಯುವವರದಲ್ಲ ಎನ್ನುತ್ತಿದ್ದರು. ನಮ್ಮ ಮನೆಗೂ ಉಸಿರು ಬಂತು. ಭಾನುವಾರದ ಪುಂಡಿಗೆ ಯಾರಾದರೂ ನೆಂಟರಂತೆ ಬಂದು ಕೂರುತ್ತಿದ್ದರು, ಆ ಒಂದು ಕೋಣೆಯಲ್ಲಿ ಅಷ್ಟು ಜನ ಹೇಗೆ ಹಿಡಿಸುತ್ತಿದ್ದರೋ ಇವತ್ತಿಗೂ ನನಗೆ ಗೊತ್ತಾಗುವುದಿಲ್ಲ.

ಸುಶೀಲಮ್ಮ ಹೋದರು, ಅಮ್ಮ ಹೋದರು. ಕೊನೆಯ ವರ್ಷ ಅಪ್ಪನೇ ಆಟೋದಲ್ಲಿ ತಡವಾಗಿ ಬಂದು, ನಗುತ್ತಾ ಕೈ ಹಿಡಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅವರೂ ಹೋದ ಮೇಲೆ ನಾನು ಆ ಕಡೆ ಹೋಗುವುದೇ ಅಪರೂಪವಾಯಿತು. ಆ ಸಂಜೆ ಚಿಲಕದ ಸದ್ದು ಕೇಳಿದ ಮೇಲೆ ಮನಸ್ಸು ತಡೆಯದೆ, ಮುಂದಿನ ಭಾನುವಾರ ನೆರೂಲಿನಿಂದ ಹೊರಟೆ. ಠಾಣೆಯಲ್ಲಿ ಗಾಡಿ ಬದಲಾಯಿಸುವಾಗಲೇ ತಡವಾಗಿತ್ತು. ದಿವಾಕ್ಕೆ ಮೊದಲು ಟ್ರೇನು ಮತ್ತೆ ನಿಂತಿತು. ಖಾಡಿಯ ಬದಿಯಲ್ಲೆಲ್ಲ ಬಿಲ್ಡಿಂಗುಗಳಾಗಿವೆ, ಕೆಸರಿನ ವಾಸನೆ ಹಾಗೆಯೇ ಇದೆ. ಡೊಂಬಿವಲಿಯಲ್ಲಿ ಇಳಿದು ಬೇಗ ಬೇಗ ನಡೆದರೂ, ಶಾಲೆಯ ಬೀದಿಗೆ ಬರುವಷ್ಟರಲ್ಲಿ ಮೊದಲ ಕೀರ್ತನೆ ಮುಗಿಯುತ್ತಾ ಬಂದಿತ್ತು. ಈ ವಯಸ್ಸಿನಲ್ಲೂ, ಚಿಲಕ ಬೀಳುವ ಮೊದಲೇ ಸೇರಬೇಕೆಂದು ಓಡಿದೆ.

ಬಾಗಿಲು ತೆರೆದಿತ್ತು. ಎಷ್ಟೋ ಕಾಲುಗಳು ತಾಗಿ ನುಣುಪಾದ ಕರಿಕಲ್ಲು ಅದಕ್ಕೆ ಒತ್ತಿಕೊಂಡು ಕೂತಿತ್ತು. ಒಳಗಿನ ಚಿಲಕ ತುಕ್ಕು ಹಿಡಿದು, ಎಳೆದರೂ ಬರದ ಹಾಗೆ ಇತ್ತು. ಜಗಲಿಯಲ್ಲಿ ಜೀನ್ಸ್ ತೊಟ್ಟ ಹುಡುಗಿಯೊಬ್ಬಳು ರಸ್ತೆಯ ಕಡೆ ಮುಖ ಮಾಡಿ ನಿಂತು ಹಾಡುತ್ತಿದ್ದಳು. ಸುಶೀಲಮ್ಮನ ಮರಿಮಗಳಂತೆ, ಆಮೇಲೆ ತಿಳಿಯಿತು. ಕನ್ನಡದಲ್ಲಿ ಹಾಡುತ್ತಿದ್ದವಳು ನನ್ನನ್ನು ಕಂಡು ಹಿಂದಿಯಲ್ಲಿ, "ಆಯಿಯೇ ಆಂಟಿ, ಜಗಾ ಹೈ" ಎಂದಳು. ಬನ್ನಿ, ಜಾಗ ಉಂಟು ಎಂದು. ನನ್ನ ಚೀಲ ತೆಗೆದುಕೊಂಡು ಒಳಗೆ ಕರೆದೊಯ್ದು ಕೊನೆಯ ಬೆಂಚಿನಲ್ಲಿ, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದಳು. ಅಲ್ಲಿ ಯಾರು ಕೂರುತ್ತಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನನಗೆ ಅಳು ಬಂತು, ದುಃಖಕ್ಕಲ್ಲ. ಮೂಗು ಒರೆಸಿಕೊಂಡು ತಲೆ ಎತ್ತಿ ನೋಡಿದರೆ ಹುಡುಗಿ ಪಕ್ಕದಲ್ಲಿರಲಿಲ್ಲ, ಮತ್ತೆ ಜಗಲಿಗೆ ಹೋಗಿ ನಿಂತಿದ್ದಳು. ಇನ್ನೂ ಯಾರೋ ಬರುವವರಿದ್ದರು.