ಮಂಜೂರಿಗೆ ಖಾಲಿ ಓಟ

ನಾನು ಊಟಿಯಲ್ಲಿ ಟ್ಯಾಕ್ಸಿ ಓಡಿಸುವವನು. ಗಾಡಿ ನನ್ನದು, ಬಾಡಿಗೆ ಹುಡುಕಿ ಕೊಡುವುದು ಫೋನಿನ ಆ್ಯಪ್. ಆ ಕಂಪನಿ ಕಮಿಷನ್ ಹಿಡಿಯುವುದು ಗೊತ್ತಿತ್ತು. ಅದರ ಜೊತೆಗೆ ಆದಾಯ ತೆರಿಗೆ ಅಂತ ಇನ್ನೊಂದಿಷ್ಟು ಹಿಡಿದು ಸರ್ಕಾರಕ್ಕೆ ಕಟ್ಟುತ್ತಿದೆ ಎಂದು ಕಳೆದ ವರ್ಷ ತಿಳಿದಾಗ ತಲೆ ಗಿರ್ ಎಂದಿತು. ನನ್ನ ಆದಾಯ ಎಷ್ಟೆಂದು ನನಗೇ ಗೊತ್ತಿಲ್ಲ, ಅವರಿಗೆ ಹೇಗೆ ಗೊತ್ತಾಯಿತು?

ರಿಟರ್ನ್ ಹಾಕಿದರೆ ಆ ಹಣ ವಾಪಸ್ ಬರುತ್ತದೆ ಎಂದ ಸ್ಟ್ಯಾಂಡಿನ ಹಿರಿಯ ಡ್ರೈವರ್. ನನಗದು ಬೇಕೇ ಬೇಕಿತ್ತು. ಮುಂದಿನ ಎರಡೂ ಟಯರ್ ಸವೆದು ಬೋಳಾಗಿದ್ದವು. ಅವುಗಳಲ್ಲಿ ಘಾಟಿ ಇಳಿಯುವಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು.

"ಖರ್ಚು ಜಾಸ್ತಿ ತೋರಿಸಬೇಕು ತಂಬಿ. ಇಲ್ಲಾಂದ್ರೆ ಬಂದದ್ದಕ್ಕೆಲ್ಲ ಟ್ಯಾಕ್ಸ್," ಎಂದೂ ಅವನೇ ಹೆದರಿಸಿದ.

ಬಿಸ್ಕತ್ ಡಬ್ಬಿಯಲ್ಲಿದ್ದ ಡೀಸೆಲ್ ಬಿಲ್ಲುಗಳನ್ನು ಹರಡಿಕೊಂಡು ಕೂತೆ. ನಮ್ಮ ಅರ್ಧ ಎಕರೆ ಚಹಾ ತೋಟದ ಹಸಿರೆಲೆಯ ದುಡ್ಡಿಗೆ ತೆರಿಗೆ ಇಲ್ಲವಂತೆ. ಕೊಯಮತ್ತೂರಲ್ಲಿ ಬಾಡಿಗೆಗೆ ಕಾಯುತ್ತಾ ನಾನು ಕುಡಿದ ಚಹಾ ಮಾತ್ರ ಸ್ವಂತ ಖರ್ಚಂತೆ. ಫೋನ್ ಕರೆನ್ಸಿ ಅರ್ಧ ಧಂದೆಗೆ, ಅರ್ಧ ಮನೆಗೆ. ಯಾವ ಅರ್ಧದಲ್ಲಿ ಹೆಂಡತಿಯೊಡನೆ ಮಾತಾಡಿದೆನೋ ದೇವರೇ ಬಲ್ಲ!

ಎಷ್ಟು ಕೂಡಿಸಿ ಕಳೆದರೂ ಬಿಲ್ಲುಗಳ ಡೀಸೆಲ್ ಆ್ಯಪ್ ತೋರಿಸುವ ಟ್ರಿಪ್ಪುಗಳಿಗೆ ಬೇಕಾದ್ದಕ್ಕಿಂತ ಹೆಚ್ಚಿತ್ತು. ಆಮೇಲೆ ಹೊಳೆಯಿತು, ಅವು ಸಾವಿನ ಓಟಗಳು. ನಮ್ಮ ಜನರ ಯಾವುದಾದರೂ ಹಟ್ಟಿಯಲ್ಲಿ, ಅಂದರೆ ಹಳ್ಳಿಯಲ್ಲಿ, ಸಾವಾದರೆ ನೆಂಟರಿರುವ ಊರೂರಿನವರು ಹೋಗಲೇಬೇಕು. ಗಾಡಿ ಇದ್ದವನು ಜನರನ್ನು ತುಂಬಿಕೊಂಡು ಹೊರಡುತ್ತಾನೆ. ಅದಕ್ಕೆ ಡೀಸೆಲ್ ದುಡ್ಡು ಕೇಳುವುದಿರಲಿ, ಯಾರಾದರೂ ಕೊಡಲು ಬಂದರೆ ಬೈಸಿಕೊಳ್ಳುತ್ತಾರೆ. ಆದರೆ ಇದನ್ನು ಯಾವ ಹೆಸರಲ್ಲಿ ಬರೆಯುವುದು? ಧಂದೆಯಲ್ಲ, ಮನೆಗೆಲಸವೂ ಅಲ್ಲ. ಸ್ಟ್ಯಾಂಡಿನವನ ಮಾತು ತಲೆ ತಿನ್ನುತ್ತಿತ್ತು. ಬಾಡಿಗೆ ಹುಡುಕುತ್ತಾ ಅಲೆದದ್ದನ್ನು ನಾವು ಖಾಲಿ ಓಟ ಎನ್ನುತ್ತೇವೆ. ಹನ್ನೊಂದು ಸಾವುಗಳ ಎದುರಿಗೂ ಹಾಗೆಯೇ ಬರೆದುಬಿಟ್ಟೆ. ಬರೆಯುವಾಗ ಒಮ್ಮೆಯೂ ಅಳುಕಲಿಲ್ಲ, ಅದೇ ನನಗೆ ಇವತ್ತಿಗೂ ಅರ್ಥವಾಗದ್ದು.

ಮಾರ್ಕೆಟ್ ಹಿಂದಿನ ಆಡಿಟರ್ ಆಫೀಸಿನಲ್ಲಿ ನಮ್ಮವರದೇ ಹುಡುಗಿಯೊಬ್ಬಳು ನನ್ನ ಪಟ್ಟಿ ನೋಡಿದಳು. ಬೆರಳು ಮಂಜೂರು ಎಂಬ ಊರಿನ ಹೆಸರಿದ್ದ ಸಾಲಿನ ಮೇಲೆ ನಿಂತಿತು.

"ಅಣ್ಣ, ಈ ದಿನ ಮಂಜೂರಿಗೆ ಖಾಲಿ ಓಟವಾ?"

"ಹೌದಮ್ಮ."

"ಖಾಲಿ ಎಲ್ಲಿ ಇತ್ತು? ಎಂಗ ಹಟ್ಟಿಯಲ್ಲಿ ನಿನ್ನ ಗಾಡಿಯಿಂದ ಏಳು ಜನ ಇಳಿದರು. ಎಂಗ ಹೆತ್ತೆಯ ಸಾವು ಅದು. ನೀನೂ ಬಂದು ಹೆತ್ತೆಯ ಕಾಲು ಮುಟ್ಟಿದೆ."

ಎಂಗ ಹೆತ್ತೆ, ಅಂದರೆ ಅವಳ ಅಜ್ಜಿ. ಆ ದಿನ ನನಗೆ ಅನ್ನ ಬಡಿಸಿದವಳು ಇದೇ ಹುಡುಗಿ ಎಂಬುದು ಆಗ ನೆನಪಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಟಯರ್ ಹಾಕಿಸಬೇಕಿತ್ತು," ಎಂದೆ.

ಅವಳು ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿದಳು. "ಇದೆಲ್ಲ ತೆಗೆದರೂ ನಿಂಗೆ ಟ್ಯಾಕ್ಸ್ ಬೀಳೋದಿಲ್ಲ ಅಣ್ಣ. ನಿನ್ನ ಆದಾಯಕ್ಕೆ ಟ್ಯಾಕ್ಸೇ ಇಲ್ಲ. ಕಂಪನಿ ಹಿಡಿದದ್ದು ಪೂರ್ತಿ ತಿರುಗಿ ಬರುತ್ತದೆ."

"ಹಾಗಾದರೆ ಇವನ್ನು ಬರೆಯಲೇ ಬೇಕಿರಲಿಲ್ಲವಾ?"

"ಬೇಕಿರಲಿಲ್ಲ."

ಅವಳ ಪೆನ್ನನ್ನೇ ಇಸಿದುಕೊಂಡು ಹನ್ನೊಂದು ಸಾಲುಗಳನ್ನೂ ಹೊಡೆದುಹಾಕಿದೆ. ಒಂದೊಂದು ಗೀಟು ಎಳೆಯುವಾಗಲೂ ಆ ದಿನ ಹಿಂದಿನ ಸೀಟಿನಲ್ಲಿ ಯಾರ್ಯಾರು ಅಳುತ್ತಾ ಕೂತಿದ್ದರು ಎಂಬುದು ನೆನಪಿಗೆ ಬಂತು.

ಎರಡು ತಿಂಗಳಾದ ಮೇಲೆ ಹಣ ಬಂತು, ಟಯರ್ ಹಾಕಿಸಿದೆ. ಹೊಸ ಟಯರಿನ ಮೊದಲ ಓಟವೂ ಒಂದು ಸಾವಿಗೇ. ಹಿಂದೆ ಆರು ಜನ, ಮುಂದೆ ಒಬ್ಬ ಮುದುಕ. ಬಂಕಿನಲ್ಲಿ ಡೀಸೆಲ್ ಹಾಕಿದವನು ಬಿಲ್ ಚಾಚಿದ.

"ಇದಕ್ಕೆ ಬೇಡಪ್ಪ," ಎಂದೆ.