ಹುಣಸೆಹಣ್ಣಿನಲ್ಲಿ ತಿಕ್ಕಿದ ಬಿಲ್ಲೆ

ಹಳೇಬೀಡಿನ ಬಸದಿಯ ಹತ್ತಿರ ಹಳೆಯ ನಾಣ್ಯ ಕೂಡಿಡುವ ಜೈನ ವ್ಯಾಪಾರಿಯೊಬ್ಬರಿದ್ದಾರೆ. ಅಮ್ಮ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ನಾಣ್ಯದ ಡಬ್ಬಿಯನ್ನು ಕಳೆದ ತಿಂಗಳು ಅವರ ಮುಂದೆ ಸುರಿದೆ. ಮಿಕ್ಕದ್ದನ್ನೆಲ್ಲ ಬದಿಗೆ ಸರಿಸಿ, ಕಂದು ಬಣ್ಣದ ಒಂದನ್ನು ಮಾತ್ರ ಎತ್ತಿಕೊಂಡರು. ಒಂದು ಮುಖದಲ್ಲಿ ತಲೆಗೆ ತೆನೆ ಮುಡಿದ ಹೆಂಗಸು, ಇನ್ನೊಂದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದ ಬರಹ.

"ಇದು ನಾಣ್ಯ ಅಲ್ಲಮ್ಮ. ಬೆಲೆ ಎಲ್ಲೂ ಹಾಕಿಲ್ಲ ನೋಡಿ. ಫ್ರೆಂಚರದ್ದು. ಯಾವುದೋ ದೊಡ್ಡ ವಸ್ತುಪ್ರದರ್ಶನದ ನೆನಪಿಗೆ ಅಂತ ಮಾಡಿದ ಬಿಲ್ಲೆ."

"ಚಿನ್ನದ್ದಲ್ವಾ?"

"ತಾಮ್ರ. ಮೇಲೆ ಚಿನ್ನದ ಮುಲಾಮು ಹಾಕಿದ್ರು. ಅಕ್ಷರದ ಸಂದೀಲಿ ಇನ್ನೂ ಐತೆ." ಭೂತಗನ್ನಡಿ ಕೊಟ್ಟರು. ನಿಜ, ಕೂದಲೆಳೆಯಷ್ಟು ಹಳದಿ ಉಳಿದಿತ್ತು. "ಯಾರೋ ಚೆನ್ನಾಗಿ ತಿಕ್ಕಿ ಹಾಳು ಮಾಡವ್ರೆ" ಎಂದರು.

ಆ ಯಾರೋ ನಾನೇ.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮುತ್ತಜ್ಜ ಪುದುಚೇರಿ ಕಡೆಯಿಂದ ತಂದ ಆ ಬಿಲ್ಲೆ ಅಜ್ಜಿಯ ಪಾಲಿಗೆ ಅಪ್ಪಟ ಚಿನ್ನ, ತೆನೆ ಮುಡಿದವಳು ಸಾಕ್ಷಾತ್ ಲಕ್ಷ್ಮಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಅದು ಕಳಶದೊಳಗೆ ಬೀಳಲೇಬೇಕು. ಹಿಂದಿನ ದಿನ ತೊಳೆಯುವ ಕೆಲಸ ನನ್ನದು. ತಾಮ್ರ, ಹಿತ್ತಾಳೆಗೆ ಹುಣಸೆಹಣ್ಣು, ಚಿನ್ನಕ್ಕೆ ಅಂಟುವಾಳದ ನೊರೆ ಮಾತ್ರ ಎಂದು ಅಜ್ಜಿಯ ಕಟ್ಟಪ್ಪಣೆ. ಹತ್ತು ವರ್ಷದ ನನಗೆ ಆ ಸಲ ಅಂಟುವಾಳ ನೆನೆಸುವ ತಾಳ್ಮೆ ಎಲ್ಲಿತ್ತು? ಚೊಂಬು, ದೀಪಗಳ ಜೊತೆಗೇ ಬಿಲ್ಲೆಗೂ ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕಿದೆ. ಹಳದಿ ಹೋಗಿ ಕೆಂಪು ಕಂಡಿತು. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದೆ.

ಬೆಳಿಗ್ಗೆ ಗಂಟು ಬಿಚ್ಚಿದ ಅಜ್ಜಿ ಕೂಗಿಕೊಂಡರು. ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಹೊಸದಾಗಿ ಮದುವೆಯಾಗಿ ಬಂದಿದ್ದ ಚಿಕ್ಕಮ್ಮನ ಸೊಂಟದಲ್ಲಿ. ಅವಳ ತವರು ಬೇಲೂರು, ಪಕ್ಕದಲ್ಲೇ ಅಕ್ಕಸಾಲಿಗರ ಅಂಗಡಿ. ಹಿಂದಿನ ವಾರವಷ್ಟೇ ಹೋಗಿ ಬಂದಿದ್ದಳು. "ಚಿನ್ನದ್ದು ಎತ್ತಿಟ್ಕೊಂಡು ಅದೇ ಅಚ್ಚಲ್ಲಿ ತಾಮ್ರದ್ದು ಮಾಡಿಸಿ ಮಡಗವ್ಳೆ" ಎಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, "ನೀನು ತೊಳೆಯೋವಾಗ ಹೆಂಗಿತ್ತೇ?" ಎಂದು ಕೇಳಿದರು.

"ಹಿಂಗೇ ಇತ್ತಜ್ಜಿ" ಎಂದೆ.

ಅಷ್ಟೇ. ಬೀಗದ ಕೈ ಚಿಕ್ಕಮ್ಮನ ಸೊಂಟ ಬಿಟ್ಟಿತು. ಅಜ್ಜಿ ಇದ್ದಷ್ಟು ಕಾಲ ಅವಳು ದೇವರ ಮನೆಯ ಹೊಸಿಲು ದಾಟಲಿಲ್ಲ. ನಾನೋ, ಅಪ್ಪಟ ಚಿನ್ನ ಎಲ್ಲಾದರೂ ಹುಣಸೆಹಣ್ಣಿಗೆ ಹೋಗುತ್ತದೆಯೇ, ನನಗಿಂತ ಮೊದಲೇ ಯಾರೋ ಬದಲಾಯಿಸಿರಬೇಕು ಎಂದು ನನ್ನ ಪರವಾಗಿ ನಾನೇ ವಕಾಲತ್ತು ಮಾಡಿಕೊಂಡು ಇಷ್ಟು ವರ್ಷ ನಿದ್ದೆ ಮಾಡಿದೆ. ನಾಚಿಕೆಯಾಗಬೇಕು ನನಗೆ.

ಹಳೇಬೀಡಿನಿಂದ ಸೀದಾ ಬೇಲೂರಿನ ಬಸ್ಸು ಹತ್ತಿದೆ. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಅಲ್ಲೇ ಮಗಳ ಮನೆಯಲ್ಲಿದ್ದಾಳೆ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಿಲ್ಲೆಯನ್ನು ಅವಳ ಮುಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಅಳು ಬಂತು, ಅತ್ತುಬಿಟ್ಟೆ. "ಅಪ್ಪನಿಗೆ, ಅತ್ತೆಯರಿಗೆ, ಎಲ್ಲರಿಗೂ ಹೇಳ್ತೀನಿ ಚಿಕ್ಕಮ್ಮ. ನಿನ್ನ ಹೆಸರು ತೊಳೀತೀನಿ."

"ಬ್ಯಾಡ ಕಣೇ" ಎಂದಳು. ಸ್ವಲ್ಪ ಹೊತ್ತು ಕಾಯಿ ಬಿಡಿಸಿದಳು. "ನಿಮ್ಮಜ್ಜಿ ಆಸ್ಪತ್ರೇಲಿದ್ದಾಗ ಕೊನೇ ವಾರ ಜೊತೇಲಿದ್ದೋಳು ನಾನೊಬ್ಳೇ. ಈಗ್ಲಾದ್ರೂ ನಿಜ ಹೇಳೇ ಅಂತ ಒಂದೇ ಸಮ ಕೇಳೋರು. ಸಾಕಾಗೋಯ್ತು. ಹೂಂ ಅತ್ತೆ, ನಾನೇ ತಗೊಂಡಿದ್ದು ಅಂದ್ಬಿಟ್ಟೆ. ಹತ್ರ ಕರೆದು, ಹೋಗ್ಲಿ ಬಿಡು ಮಗಾ ಅಂತ ತಲೆ ಸವರಿದ್ರು. ನನ್ನ ಮಗಾ ಅಂತ ಕರೆದಿದ್ದು ಅದೊಂದೇ ಸಲ."

ಬಿಲ್ಲೆಯನ್ನು ನನ್ನ ಕಡೆಗೆ ತಳ್ಳಿದಳು. "ಈಗ ನಾನು ಕದ್ದೇ ಇಲ್ಲ ಅಂತ ನೀನು ಸಾರ್ಕೊಂಡು ಬಂದ್ರೆ, ಅವತ್ತು ಅವ್ರು ಕ್ಷಮಿಸಿದ್ದು ಯಾರನ್ನೇ?"

ನನ್ನನ್ನಂತೂ ಅಲ್ಲ.